ಪರದೆ ಒಂದೇ, ಪಾಠ ಎರಡು

ಏಳನೇ ತರಗತಿಯ ಗಣಿತದ ಪೀರಿಯಡ್ ಒಂದನ್ನು ಕಲ್ಪಿಸಿಕೊಳ್ಳಿ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದು ಪಾಠ. ಲ್ಯಾಬಿನಲ್ಲಿರುವುದು ಜಿಯೋಜೀಬ್ರಾ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ಗಣಿತದ ವಿದ್ಯಾರ್ಥಿ 2001ರಲ್ಲಿ ರೂಪಿಸಲು ತೊಡಗಿದ ಈ ತಂತ್ರಾಂಶ ನಮ್ಮ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ತರಬೇತಿಗೂ ಬಂದಿದೆ. ಒಬ್ಬ ಶಿಕ್ಷಕಿ ಪರದೆಯ ಮೇಲೆ ತ್ರಿಭುಜ ಬರೆದು, ಕೋನಗಳನ್ನು ಅಳೆದು ತೋರಿಸಿ, "ನೋಡಿ, 180 ಬಂತು, ಬರ್ಕೊಳ್ಳಿ" ಎನ್ನುತ್ತಾರೆ. ಪಕ್ಕದ ಸೆಕ್ಷನ್ನಿನ ಶಿಕ್ಷಕಿ ಮೌಸನ್ನು ಮಕ್ಕಳ ಕೈಗಿತ್ತು, "ಮೂಲೆ ಹಿಡಿದು ಎಳೀರಿ. ಯಾವುದು ಬದಲಾಗುತ್ತೆ, ಯಾವುದು ಬದಲಾಗಲ್ಲ, ಹೇಳಿ" ಎನ್ನುತ್ತಾರೆ.

ಇಲಾಖೆಗೆ ಹೋಗುವ ವರದಿಯಲ್ಲಿ ಎರಡೂ ಕಡೆ "ತಂತ್ರಜ್ಞಾನ ಬಳಸಲಾಗಿದೆ" ಎಂದೇ ಇರುತ್ತದೆ. ನಡೆದ ಪಾಠಗಳು ಮಾತ್ರ ಬೇರೆ ಬೇರೆ. ಕಲಿಸುವುದೆಂದರೆ ತಿಳಿದದ್ದನ್ನು ಸ್ಪಷ್ಟವಾಗಿ ಹೇಳುವುದು ಎಂದು ಮೊದಲನೆಯವರು ನಂಬಿದ್ದಾರೆ. ಮಕ್ಕಳು ತಾವೇ ಕಂಡುಕೊಳ್ಳುವಂತೆ ಮಾಡುವುದೇ ಕಲಿಸುವುದು ಎಂಬುದು ಎರಡನೆಯವರ ನಂಬಿಕೆ.

ಈ ಅಧ್ಯಾಯದಲ್ಲಿ ನಂಬಿಕೆ ಎಂಬ ಮಾತಿಗೆ ಮೂರು ಮುಖಗಳು. ಮಕ್ಕಳು ಹೇಗೆ ಕಲಿಯುತ್ತಾರೆ ಎಂಬ ತಿಳಿವು ಒಂದು. "ಇದು ನನ್ನಿಂದಾಗುತ್ತದೆ" ಎಂಬ ಭರವಸೆ ಎರಡನೆಯದು. ಇದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ವಿವರಿಸಿದರು. ಈ ಸಲಕರಣೆಯಿಂದ ನನ್ನ ಕೆಲಸಕ್ಕೆ ಉಪಯೋಗವಿದೆಯೇ, ಇದನ್ನು ಬಳಸುವುದು ಸುಲಭವೇ ಎಂಬ ಎಣಿಕೆ ಮೂರನೆಯದು. 1989ರಲ್ಲಿ ಸಂಶೋಧಕ ಫ್ರೆಡ್ ಡೇವಿಸ್ ತಂತ್ರಜ್ಞಾನದ ಸ್ವೀಕಾರವನ್ನು ವಿವರಿಸಿದ್ದು ಇದರ ಮೇಲೆಯೇ. ಮೂರರಲ್ಲಿ ಹೆಚ್ಚು ಆಳಕ್ಕೆ ಬೇರು ಬಿಟ್ಟಿರುವುದು ಮೊದಲನೆಯದು.

ಸಾಮಾನ್ಯ ಓದುಗರು ಎಡವುವುದು ಇಲ್ಲೇ. ಯಂತ್ರ ಕೊಟ್ಟರೆ, ಎರಡು ದಿನ ತರಬೇತಿ ಕೊಟ್ಟರೆ ಬೋಧನೆ ತಾನಾಗಿ ಬದಲಾಗುತ್ತದೆ ಎಂಬ ಎಣಿಕೆ ಬಹಳ ಹಳೆಯದು. ಸಿನಿಮಾ ಬಂದ ಮೇಲೆ ಶಾಲೆಯಲ್ಲಿ ಪುಸ್ತಕಕ್ಕೆ ಕೆಲಸವಿರುವುದಿಲ್ಲ ಎಂದು ಥಾಮಸ್ ಎಡಿಸನ್ 1913ರಲ್ಲೇ ಸಾರಿದ್ದರು. ಆಮೇಲೆ ರೇಡಿಯೊ ಬಂತು, ಟಿ.ವಿ. ಬಂತು. ನಮ್ಮಲ್ಲೂ 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಉಪಗ್ರಹ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಂದಿತು. ಕರ್ನಾಟಕವೂ ಆ ಆರರಲ್ಲಿತ್ತು. ಬೆಳಗಿನ ಪ್ರಸಾರ ಶಾಲಾಮಕ್ಕಳಿಗೇ ಮೀಸಲಾಗಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಕ್ಯೂಬನ್ 1986ರಲ್ಲಿ ಅಮೆರಿಕದ ಶಾಲೆಗಳ ಇಂಥದೇ ಚರಿತ್ರೆಯನ್ನು ಬರೆದಾಗ, ಪ್ರತಿ ಸಲವೂ ಒಂದೇ ಸುತ್ತು ಕಂಡರು: ಮೊದಲು ಭಾರೀ ಭರವಸೆ, ಆಮೇಲೆ ತರಗತಿಯಲ್ಲಿ ಅಪರೂಪದ ಬಳಕೆ, ಕೊನೆಗೆ ಮೇಷ್ಟರ ಮೇಲೆ ದೂರು.

ಆ ದೂರಿನಲ್ಲಿ ಹುರುಳಿಲ್ಲ. ಯಂತ್ರಕ್ಕೆ ಕೊರತೆಯೇ ಇಲ್ಲದ ಸಿಲಿಕಾನ್ ವ್ಯಾಲಿಯ ಶಾಲೆಗಳನ್ನು ಕ್ಯೂಬನ್ ಹೊಕ್ಕು ನೋಡಿದರು. ಅದರ ಪುಸ್ತಕ 2001ರಲ್ಲಿ ಬಂತು. ಅಲ್ಲಿನ ಶಿಕ್ಷಕರು ಕಂಪ್ಯೂಟರಿಗೆ ಹೆದರಿದವರಲ್ಲ. ಪಾಠದ ತಯಾರಿಗೆ, ಪತ್ರ ವ್ಯವಹಾರಕ್ಕೆ ಅದನ್ನು ಬಳಸುತ್ತಿದ್ದರು. ತರಗತಿಯೊಳಗೆ ಮಾತ್ರ ಬಳಕೆ ಕಡಿಮೆ. ಬಳಸಿದವರಲ್ಲೂ ಹೆಚ್ಚಿನವರು ಮೊದಲಿನ ಪಾಠವನ್ನೇ ಮುಂದುವರಿಸಲು ಬಳಸುತ್ತಿದ್ದರು. ಕಾರಣ ಸೋಮಾರಿತನವಲ್ಲ, ಲೆಕ್ಕಾಚಾರ. ತುಂಬಿದ ತರಗತಿ, ಮುಗಿಸಬೇಕಾದ ಪೋರ್ಶನ್, ಎದುರಿಗಿರುವ ಪರೀಕ್ಷೆ, ಇವುಗಳ ನಡುವೆ ಕೈಕೊಡದ ಸಲಕರಣೆಯನ್ನೇ ಶಿಕ್ಷಕರು ಆರಿಸುತ್ತಾರೆ. ಕರೆಂಟ್ ಹೋದರೂ ಕರಿಹಲಗೆ ಕೆಲಸ ಮಾಡುತ್ತದೆ.

ಶಿಕ್ಷಣ ಸಂಶೋಧಕಿ ಪೆಗ್ಗಿ ಎರ್ಟ್‌ಮರ್ 1999ರಲ್ಲಿ ಈ ಅಡೆತಡೆಗಳನ್ನು ಎರಡು ಹಂತವಾಗಿ ವಿಂಗಡಿಸಿದರು. ಯಂತ್ರ, ಸಮಯ, ತರಬೇತಿ, ನೆರವು ಇವುಗಳ ಕೊರತೆ ಹೊರಗಿನದು. ಬೋಧನೆಯ ಬಗೆಗಿನ ನಂಬಿಕೆ ಒಳಗಿನದು. ಹೊರಗಿನದನ್ನು ಹಣದಿಂದ ಸರಿಪಡಿಸಬಹುದು. ಒಳಗಿನದಕ್ಕೆ ಟೆಂಡರ್ ಕರೆಯಲಾಗದು. ಹಾಗೆಂದು ಹೊರಗಿನದನ್ನು ಕಡೆಗಣಿಸುವಂತಿಲ್ಲ. ಇಂಟರ್‌ನೆಟ್ ಇಲ್ಲದ ಶಾಲೆಯಲ್ಲಿ ಶಿಕ್ಷಕರ ನಂಬಿಕೆಯನ್ನು ದೂರುವುದು ಅನ್ಯಾಯ.

ಈ ಒಳಗಿನ ನಂಬಿಕೆ ಹುಟ್ಟುವುದಾದರೂ ಎಲ್ಲಿ? ಬಿ.ಎಡ್. ಕಾಲೇಜಿನಲ್ಲಲ್ಲ. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಹಾಕಿದ ಲೆಕ್ಕ ಹೀಗಿದೆ: ಪ್ರೌಢಶಾಲೆ ಮುಗಿಸುವ ಹೊತ್ತಿಗೆ ಒಬ್ಬ ಅಮೆರಿಕನ್ ವಿದ್ಯಾರ್ಥಿ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕಳೆದಿರುತ್ತಾನೆ. ಬೇರಾವ ವೃತ್ತಿಯಲ್ಲೂ ಇಷ್ಟು ದೀರ್ಘ ಉಮೇದುವಾರಿಕೆ ಇಲ್ಲ. ಪಾಠವೆಂದರೆ ಹೀಗಿರಬೇಕು ಎಂಬ ಚಿತ್ರ ಆ ಬೆಂಚಿನ ಮೇಲೆಯೇ ಅಚ್ಚೊತ್ತಿಬಿಟ್ಟಿರುತ್ತದೆ. ಹೊಸ ಸಲಕರಣೆ ಆ ಅಚ್ಚಿಗೆ ಸುರಿದ ಎರಕ, ಆಕಾರ ಹಳೆಯದೇ.

ಅಚ್ಚು ಎಷ್ಟು ಗಟ್ಟಿ ಎಂಬುದಕ್ಕೆ ಶಿಕ್ಷಣ ಸಂಶೋಧಕ ಡೇವಿಡ್ ಕೋಹೆನ್ 1990ರಲ್ಲಿ ಬರೆದ ಅಧ್ಯಯನ ನೋಡಬೇಕು. ಕ್ಯಾಲಿಫೋರ್ನಿಯಾದ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ ಹೊಸ ಗಣಿತ ನೀತಿಯನ್ನು ಮನಸಾರೆ ಒಪ್ಪಿದ್ದರು. ಹೊಸ ಪಾಠಸಾಮಗ್ರಿ, ಚಟುವಟಿಕೆ ಎಲ್ಲವನ್ನೂ ತಂದಿದ್ದರು. ತನ್ನ ಬೋಧನೆಯಲ್ಲಿ ಕ್ರಾಂತಿಯೇ ಆಗಿದೆ ಎಂದು ಪ್ರಾಮಾಣಿಕವಾಗಿ ನಂಬಿದ್ದರು. ಕೋಹೆನ್‌ಗೆ ಕಂಡದ್ದು ಹೊಸದೂ ಹಳೆಯದೂ ಬೆರೆತ ತರಗತಿ. ಮಕ್ಕಳು ಗುಂಪಾಗಿ ಕೂತಿದ್ದರು, ಆದರೆ ಉತ್ತರ ಸರಿಯೋ ತಪ್ಪೋ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು; ಹೇಗೆ ಹೊಳೆಯಿತು ಎಂಬ ಚರ್ಚೆ ಬೆಳೆಯುತ್ತಿರಲಿಲ್ಲ. ಈ ವಿಷಯ ಓದುವ ಪ್ರತಿಯೊಬ್ಬರೂ ಆ ಪ್ರಬಂಧವನ್ನು ಒಮ್ಮೆಯಾದರೂ ಪೂರ್ತಿ ಓದಬೇಕು. ಶಿಕ್ಷಕಿಯನ್ನು ಅದು ಎಲ್ಲೂ ಹೀಯಾಳಿಸುವುದಿಲ್ಲ. ಅವರು ಎಷ್ಟು ದೂರ ನಡೆದು ಬಂದರು, ಅವರಿಗೆ ಎಷ್ಟು ಕಡಿಮೆ ನೆರವು ಸಿಕ್ಕಿತು ಎಂಬುದನ್ನೂ ಹೇಳುತ್ತದೆ.

ಹಾಗಾದರೆ ಮೊದಲು ಭಾಷಣದಿಂದ ನಂಬಿಕೆ ಬದಲಿಸಿ, ಆಮೇಲೆ ಸಲಕರಣೆ ಕೊಡಬೇಕೇ? ತರಬೇತಿಗಳು ಹೆಚ್ಚಾಗಿ ಈ ಕ್ರಮವನ್ನೇ ಹಿಡಿಯುತ್ತವೆ. 1986ರಲ್ಲಿ ಶಿಕ್ಷಣ ಸಂಶೋಧಕ ಥಾಮಸ್ ಗಸ್ಕಿ ಈ ಕ್ರಮವನ್ನು ತಿರುಗಿಸಿಟ್ಟರು. ಶಿಕ್ಷಕರು ಮೊದಲು ಹೊಸ ವಿಧಾನವನ್ನು ತಮ್ಮ ತರಗತಿಯಲ್ಲಿ ಮಾಡಿ ನೋಡುತ್ತಾರೆ. ತಮ್ಮದೇ ಮಕ್ಕಳು ಚೆನ್ನಾಗಿ ಕಲಿಯುವುದು ಕಣ್ಣಿಗೆ ಬೀಳುತ್ತದೆ. ನಂಬಿಕೆ ಬದಲಾಗುವುದು ಅದರ ನಂತರ.

ಆ್ಯಪಲ್ ಕಂಪನಿ 1985ರಲ್ಲಿ ಆರಂಭಿಸಿದ 'ನಾಳೆಯ ತರಗತಿಗಳು' ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರತಿ ವಿದ್ಯಾರ್ಥಿಗೂ ಶಿಕ್ಷಕರಿಗೂ ಶಾಲೆಯಲ್ಲೊಂದು, ಮನೆಯಲ್ಲೊಂದು ಕಂಪ್ಯೂಟರ್. ಇಷ್ಟಿದ್ದರೂ ಮೊದಮೊದಲು ನಡೆದದ್ದು ಹಳೆಯ ಅಭ್ಯಾಸ ಪಾಠಗಳೇ. ಮಕ್ಕಳು ಒಬ್ಬರಿಗೊಬ್ಬರು ಕಲಿಸಿಕೊಳ್ಳುವುದನ್ನು, ಕೆಲವು ಸಂಗತಿಗಳಲ್ಲಿ ತಮ್ಮನ್ನೇ ಮೀರಿಸುವುದನ್ನು ಶಿಕ್ಷಕರು ನೋಡಿದರು. ವರ್ಷಗಳು ಕಳೆದಂತೆ ಪಾಠದ ರೂಪ ಬದಲಾಯಿತು. ಸಂಶೋಧಕರು ಈ ಪಯಣದಲ್ಲಿ ಐದು ಹಂತಗಳನ್ನು ಗುರುತಿಸಿದರು. ಹೊಸತನ್ನು ಕಟ್ಟುವ ಹಂತ ಕೊನೆಯದು.

ಕನ್ನಡ ನಾಡಿನಲ್ಲಿ ಇದಕ್ಕೆ ಸಾಕ್ಷಿ ಕಂಪ್ಯೂಟರಿಗಿಂತ ಮೊದಲೇ ಸಿಕ್ಕಿತ್ತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ವಿಧಾನ ಮೊಳೆತದ್ದು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಶಿಕ್ಷಕರು ಹೋಗಿ ಬಂದ ಮೇಲೆ. ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಕಾರ್ಡು ಹಿಡಿದು ಕಲಿಯುವುದನ್ನು ಅವರು ಕಣ್ಣಾರೆ ಕಂಡರು. ಕಲಿಕಾ ಕಾರ್ಡುಗಳನ್ನು ತಾವೇ ಕೂತು ಬರೆದರು. ಆದೇಶದಿಂದ ಬಂದ ಸಲಕರಣೆಗೂ ಶಿಕ್ಷಕರೇ ರೂಪಿಸಿಕೊಂಡ ಸಲಕರಣೆಗೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಇಷ್ಟು ತಿಳಿದ ಮೇಲೂ ಒಂದು ಕೊರತೆ ಉಳಿಯುತ್ತದೆ: ಈ ಅಧ್ಯಾಯ ಹೇಳಿದ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದ ತರಗತಿಗಳವು. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ನಡೆಸುವ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ಮೊಬೈಲಿಗೆ ಎಂಥ ಕೆಲಸ ಹಚ್ಚುತ್ತಾರೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಸ್ಮಾರ್ಟ್ ಕ್ಲಾಸನ್ನು ಎತ್ತ ಎಳೆಯುತ್ತದೆ ಎಂಬುದನ್ನು ಕನ್ನಡದಲ್ಲೇ ಬರೆಯಬೇಕಾಗಿದೆ. ಡಿ.ಎಲ್.ಎಡ್., ಬಿ.ಎಡ್. ವಿದ್ಯಾರ್ಥಿಗಳಿಗೆ ಇದು ಕೈಗೆಟುಕುವ ಕೆಲಸ. ಶಿಕ್ಷಕರ ಒಪ್ಪಿಗೆ ಪಡೆದು ಹಿಂದಿನ ಬೆಂಚಿನಲ್ಲಿ ಕೂತು, ಯಂತ್ರವನ್ನು ಮುಟ್ಟಿದವರು ಯಾರು, ಪ್ರಶ್ನೆ ಕೇಳಿದವರು ಯಾರು, ಉತ್ತರಕ್ಕೆ ಎಷ್ಟು ಹೊತ್ತು ಕಾದರು ಎಂದು ಬರೆದುಕೊಳ್ಳಲಿ. ಪಾಠ ಮುಗಿದ ಮೇಲೆ ಅದೇ ಶಿಕ್ಷಕರನ್ನು, "ಹೀಗೇ ಮಾಡಿದ್ದು ಯಾಕೆ?" ಎಂದು ಗೌರವದಿಂದ ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ದಾಖಲಿಸಲಿ. ಮುಂದಿನ ಸ್ಮಾರ್ಟ್ ಬೋರ್ಡಿಗೆ ಟೆಂಡರ್ ಕರೆಯುವ ಮುನ್ನ ಇಲಾಖೆ ಓದಬೇಕಾದದ್ದು ಆ ದಾಖಲೆಗಳನ್ನು.