ಹಳೆಯ ಪಿಕಪ್ಪಿನ ಕಮಾನು ತಗ್ಗಿಸುವ ಮುನ್ನ



ರಾಜ್ಯೋತ್ಸವದ ಮೆರವಣಿಗೆಗೆ ತಾತನ ಕಾಲದ ಪಿಕಪ್ಪನ್ನು ತಗ್ಗಿಸಿ, ಶೃಂಗರಿಸಿ ತರಬಹುದೇ ಎಂದು ಕೊಳವಳ್ಳಿಯ ಹುಡುಗರು ಕೇಳಿದ್ದಾರೆ. ಉತ್ಸಾಹ ಮೆಚ್ಚತಕ್ಕದ್ದೇ. ಆದರೂ ಕೆಲವು ವಿಷಯ ತಿಳಿಸುವುದು ನಮ್ಮ ಕರ್ತವ್ಯ.

ಇಂಥ ಗಾಡಿಯ ಹಿಂಬದಿಯ ಭಾರ ಹೊರುವುದು ಉಕ್ಕಿನ ಕಮಾನು ಪಟ್ಟಿಗಳು. ಒಂದೆರಡು ಪಟ್ಟಿ ಕಳಚಿದರೆ ಗಾಡಿ ತಗ್ಗುತ್ತದೆ. ಆದರೆ ಉಳಿದವುಗಳ ಮೇಲೆ ಹೊರೆ ಹೆಚ್ಚಿ ಮುರಿಯಬಹುದು. ಆಕ್ಸಲಿನ ಅಡಿಯಲ್ಲಿ ಕಮಾನಿರುವ ಗಾಡಿಗಳಲ್ಲಿ ನಡುವೆ ಬ್ಲಾಕ್ ಇಟ್ಟು, ಉದ್ದನೆಯ ಯು-ಬೋಲ್ಟ್ ಬಿಗಿಯುವುದೂ ಉಂಟು. ಆಗ ಕಮಾನಿನ ಬಲ ಉಳಿದರೂ ಆಕ್ಸಲಿಗೂ ಚಾಸಿಗೂ ನಡುವಣ ಅಂತರ ಕಿರಿದಾಗುತ್ತದೆ. ಮೆರವಣಿಗೆಯ ಮಾರನೆಯ ದಿನ ಅದೇ ಗಾಡಿ ಶುಂಠಿ ಮೂಟೆ ಹೊರಬೇಕಲ್ಲ! ಹಂಪಿನಲ್ಲಿ ಆಕ್ಸಲ್ ಚಾಸಿಗೆ ಬಡಿದೀತು.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. ಕೇರಳದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ತಪ್ಪಿದರೆ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಇದು ಕೇಂದ್ರದ ಕಾಯ್ದೆ. ಕಬಿನಿ ದಾಟಿ ಕರ್ನಾಟಕಕ್ಕೆ ಹೋದರೂ ವಿನಾಯಿತಿಯಿಲ್ಲ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಬೇಕಿದ್ದರೂ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು.

ಆದ್ದರಿಂದ ಸವೆದ ಬುಷ್, ಮುರಿದ ಪಟ್ಟಿ ಬದಲಿಸಿ, ಬ್ರೇಕ್ ನೋಡಿಸಿ, ತಾತ ಓಡಿಸಿದಂತೆಯೇ ಗಾಡಿ ತನ್ನಿ. ಬಾವುಟ, ಹೂವಿನ ಹಾರ ನಮ್ಮ ಸಂಘದ್ದು.