ನಿಂತ ಎಂಜಿನಿನ ಪರೀಕ್ಷೆ

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರ ತೆಂಗಿನ ಸೀಮೆಗೆ ಸೇರಿದ ಊರು. ಈ ಸೀಮೆಯಲ್ಲಿ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಕೊಬ್ಬರಿಯಾಯಿತೇ ಎಂದು ತಿಳಿಯಲು ರೈತರು ಕಾಯಿಯನ್ನು ಒಡೆಯುವುದಿಲ್ಲ, ಅಲುಗಿಸಿ ಕಿವಿಗೊಡುತ್ತಾರೆ. ನೀರು ಆರಿ ತಿರುಳು ಚಿಪ್ಪನ್ನು ಬಿಟ್ಟಿದ್ದರೆ ಒಳಗೆ ಗಡಗಡ ಸದ್ದಾಗುತ್ತದೆ. ಬಹುಕಾಲ ನಿಂತ ಕಾರಿನ ಎಂಜಿನನ್ನೂ ಬಿಚ್ಚುವುದಕ್ಕೆ ಮೊದಲು ಹೀಗೆ ಕಿವಿಗೊಟ್ಟು ನೋಡುವುದು ಲೇಸು.

ಹಿಮ ಬೀಳುವ ದೇಶಗಳಲ್ಲಿ ಕೆಲವರು ಚಳಿಗಾಲದುದ್ದಕ್ಕೂ ಕಾರನ್ನು ಒಳಗಿಟ್ಟು ವಸಂತದಲ್ಲಿ ಹೊರತೆಗೆಯುತ್ತಾರೆ. ನಮ್ಮಲ್ಲಿ ಹಿಮವಿಲ್ಲದಿದ್ದರೂ ಕಾರು ನಿಲ್ಲಲು ಕಾರಣಗಳುಂಟು. ಮಕ್ಕಳು ಪಟ್ಟಣ ಸೇರಿ ಹಬ್ಬಕ್ಕೆ ಮಾತ್ರ ಬರುವ ಮನೆಗಳಲ್ಲಿ ಕಾರು ತಿಂಗಳುಗಟ್ಟಲೆ ಕದಲುವುದಿಲ್ಲ. 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಲೆಕ್ಕವಿಲ್ಲದಷ್ಟು ವಾಹನಗಳು ವಾರಗಟ್ಟಲೆ ನಿಂತಲ್ಲೇ ನಿಂತವು. ನಡುರಾತ್ರಿ ರೋಗಿಯನ್ನು ತಿಪಟೂರಿಗೆ ಕರೆದೊಯ್ಯಬೇಕಾದಾಗ ಅಂಥ ಕಾರು ಹೊರಡದಿದ್ದರೆ ಆ ಮನೆಯವರ ಪಾಡೇನು?

ಪೆಟ್ರೋಲ್ ಎಂಜಿನ್ ನಡೆಯಲು ಗಾಳಿ, ಇಂಧನ, ಅವೆರಡನ್ನೂ ಅದುಮುವ ಒತ್ತಡ ಮತ್ತು ಹೊತ್ತಿಸುವ ಕಿಡಿ ಬೇಕು. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ರೂಪಿಸಿದ ಎಂಜಿನಿಗೂ ಇವುಗಳಲ್ಲಿ ಮೊದಲ ಮೂರು ಆಧಾರ. ಇವುಗಳಲ್ಲಿ ಯಾವುದು ತಪ್ಪಿದೆ ಎಂದು ಹುಡುಕುವುದೇ ಪರೀಕ್ಷೆ. ಹುಡುಕದೆ ಕಂಡ ಭಾಗವನ್ನೆಲ್ಲ ಬದಲಾಯಿಸಿದರೆ ಹಣ ಹೋಗುತ್ತದೆ, ಕಾರು ಅಲ್ಲೇ ಇರುತ್ತದೆ.

ಕೀಲಿ ತಿರುಗಿಸಿದಾಗ ಬರಿದೇ ‘ಟಿಕ್ ಟಿಕ್’ ಎಂದರೆ ಸಾಮಾನ್ಯವಾಗಿ ದೋಷ ಬ್ಯಾಟರಿಯದು. ಚೆನ್ನಾಗಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಇಳಿದರೆ ಅದು ಬರಿದಾದಂತೆಯೇ. ಕೆಲಸವಿಲ್ಲದೆ ಕುಳಿತರೂ ಬ್ಯಾಟರಿಯ ಶಕ್ತಿ ಮೆಲ್ಲಗೆ ಸೋರುತ್ತದೆ. ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ತಂತಿ ಸೇರುವ ಕಡೆ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದನ್ನು ಉಜ್ಜಿದೊಡನೆ ಕಾರು ಹೊರಟದ್ದೂ ಉಂಟು.

ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರಬಾರದು. ಆಗ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಅದರ ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಬಹುಶಃ ಕಿಡಿ ಬರುತ್ತಿಲ್ಲ. ಇಷ್ಟು ಸಣ್ಣ ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕಿಳಿಸುತ್ತದೆ.

ಪೆಟ್ರೋಲಿಗೂ ಮುಪ್ಪುಂಟು. ಅದರ ಹಗುರ ಅಂಶಗಳು ಆವಿಯಾಗಿ ಹೋಗುತ್ತವೆ. ಉಳಿದದ್ದು ಅಂಟಿನಂತಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನ ಹಳೆಯ ಪೆಟ್ರೋಲ್ ಮಾದರಿಗಳನ್ನು ಇಟ್ಟುಕೊಂಡವರಿಗೆ ಈ ಕಾಟ ಚಿರಪರಿಚಿತ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿಮೀರಿದರೆ ನೀರೂ ಎಥೆನಾಲೂ ಬೇರ್ಪಟ್ಟು ತೊಟ್ಟಿಯ ತಳ ಸೇರುತ್ತವೆ. ಅಂಥ ಪೆಟ್ರೋಲನ್ನು ತೆಗೆದು ಹೊಸದನ್ನು ತುಂಬುವುದೇ ದಾರಿ. ತೊಟ್ಟಿಯೊಳಗೆ ಇಣುಕಲು ಬೆಂಕಿಕಡ್ಡಿ ಗೀರುವ ಸಾಹಸವನ್ನು ಯಾರೂ ಮಾಡಬಾರದು.

ಕಿಡಿ ಬಾರದಿದ್ದರೆ ತಂತಿಗಳ ಕಡೆ ನೋಡಬೇಕು. ಕೊಬ್ಬರಿಯಿದ್ದಲ್ಲಿ ಇಲಿಗಳಿಗೆ ಬರವಿಲ್ಲ. ಅವು ಬಾನೆಟ್ಟಿನ ಕೆಳಗೆ ನುಗ್ಗಿ ತಂತಿ ಕಡಿಯುತ್ತವೆ. ಗಾಳಿಸೋಸಕದಲ್ಲಿ ತೆಂಗಿನ ನಾರು ತುಂಬಿ ಗೂಡು ಕಟ್ಟಿದರೆ ಎಂಜಿನಿಗೆ ಉಸಿರೇ ಇಲ್ಲದಂತಾಗುತ್ತದೆ.

ಸ್ಟಾರ್ಟರನ್ನು ಒಂದೇ ಸಮನೆ ತಿರುಗಿಸುತ್ತಿದ್ದರೆ ಅದು ಕಾದು ಕೆಡುತ್ತದೆ. ಹತ್ತು ಸೆಕೆಂಡು ಯತ್ನಿಸಿ ಸ್ವಲ್ಪ ಹೊತ್ತು ಬಿಡಬೇಕು. ಇದಕ್ಕಿಂತ ಮುಖ್ಯವಾದುದೊಂದಿದೆ: ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ತಿಳಿಯದಂತೆಯೇ ಪ್ರಾಣ ತೆಗೆಯುತ್ತದೆ.

ಎಂಜಿನ್ ಹತ್ತಿಕೊಂಡ ಮೇಲೆ ಹೊಗೆಯನ್ನು ಗಮನಿಸಬೇಕು. ಮೊದಲು ಕಾಣುವ ತೆಳು ಬಿಳಿ ಆವಿ ಕೊಳವೆಯಲ್ಲಿ ನಿಂತ ತೇವದ್ದು; ಎಂಜಿನ್ ಬಿಸಿಯಾದಂತೆ ಅದು ಕರಗುತ್ತದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲದು. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಒಳಗೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಅದು ಮೆಕ್ಯಾನಿಕ್ಕನೇ ನೋಡಬೇಕಾದ ಕೆಲಸ.