ನದಿಗೆ ತಕ್ಕ ಕೋಲು: ಸಾಮನ್ ಮೀನುಗಾರಿಕೆಯ ಎರಡು ಕೈಯ ಗಾಳ

ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ತನ್ನ ತೂಕದಿಂದ ಹಗುರವಾದ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಮೀನುಗಾರಿಕೆಯಲ್ಲಿ ಈ ಸಂಬಂಧ ತಿರುವುಮುರುವಾಗಿದ್ದು, ಕೊಕ್ಕೆಯ ಮೇಲೆ ಗರಿ, ರೋಮ, ನೂಲುಗಳನ್ನು ಸುತ್ತಿ ಮಾಡಿದ ‘ಫ್ಲೈ’ ಎಂಬ ಕೃತಕ ಕೀಟಕ್ಕೆ ಹೇಳಿಕೊಳ್ಳುವಷ್ಟು ತೂಕವಿಲ್ಲದ ಕಾರಣ, ಪ್ಲಾಸ್ಟಿಕ್ ಹೊದಿಕೆಯ ದಪ್ಪ ದಾರವೇ ಅದನ್ನು ಹೊತ್ತೊಯ್ಯಬೇಕಾಗುತ್ತದೆ. ಆ ದಾರಕ್ಕೆ ವೇಗ ಕೊಡುವ ಸ್ಪ್ರಿಂಗ್ ಎಂದರೆ ಕೋಲು. ಆದ್ದರಿಂದ ಕೋಲಿನ ಆಯ್ಕೆಯು ಎಷ್ಟು ತೂಕದ, ಎಷ್ಟು ಉದ್ದದ ದಾರವನ್ನು, ಬೆನ್ನ ಹಿಂದೆ ಎಷ್ಟು ಜಾಗವಿರುವಾಗ, ಎಂಥ ನೀರಿನ ಮೇಲೆ ಬೀಸಬೇಕು ಎಂಬ ಲೆಕ್ಕವಾಗಿದೆ. ಮೀನಿನ ಗಾತ್ರ ಈ ಲೆಕ್ಕದಲ್ಲಿ ಕೊನೆಗೆ ಬರುತ್ತದೆಯಾದರೂ, ಕೊಳ್ಳುವವರು ಹೆಚ್ಚಾಗಿ ಅಲ್ಲಿಂದಲೇ ಆರಂಭಿಸುತ್ತಾರೆ.

ಅಟ್ಲಾಂಟಿಕ್ ಸಾಮನ್ ಮತ್ತು ಸ್ಟೀಲ್‌ಹೆಡ್ ಎರಡೂ ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ನದಿಗೆ ಮರಳುವ ಮೀನುಗಳು. ಮೊದಲನೆಯದು ಸ್ಕಾಟ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಮತ್ತು ಪೂರ್ವ ಕೆನಡಾದ ನದಿಗಳನ್ನೂ ಎರಡನೆಯದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ನದಿಗಳನ್ನೂ ಏರುತ್ತದೆ. ಸ್ಟೀಲ್‌ಹೆಡ್ ಎಂಬುದು ರೇನ್‌ಬೋ ಟ್ರೌಟ್ ಪ್ರಭೇದದ ಸಮುದ್ರಗಾಮಿ ರೂಪ. 20ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ನೀಲಗಿರಿಯ ತೊರೆಗಳಿಗೆ ತಂದು ಬಿಟ್ಟ ರೇನ್‌ಬೋ ಟ್ರೌಟ್ ಕೂಡ ಇದೇ ಪ್ರಭೇದಕ್ಕೆ ಸೇರಿದ್ದು, ಅಲ್ಲಿ ಅದು ಸಮುದ್ರವನ್ನು ಕಾಣದೆಯೇ ಬಾಳುತ್ತದೆ. ನದಿಗೆ ಬಂದ ಸಾಮನ್ ಬಹುತೇಕ ಆಹಾರ ತೊರೆದಿರುವುದರಿಂದ ಹಸಿವಿನಿಂದ ಬೆನ್ನಟ್ಟಿ ಬರುವುದಿಲ್ಲ. ಫ್ಲೈಯನ್ನು ಪ್ರವಾಹಕ್ಕೆ ಅಡ್ಡವಾಗಿ ಎಸೆದು, ಅದು ನಿಧಾನವಾಗಿ ಕಮಾನಿನಂತೆ ಸರಿಯುತ್ತ ಮೀನಿನ ಕಣ್ಣೆದುರು ಹಾದುಹೋಗುವಂತೆ ಮಾಡಿ, ಎರಡು ಹೆಜ್ಜೆ ಕೆಳಗಿಳಿದು ಮತ್ತೆ ಎಸೆಯುವುದೇ ಇಲ್ಲಿನ ಕ್ರಮವಾಗಿದ್ದು, ದಿನಕ್ಕೆ ನೂರಾರು ಬಾರಿ ಹೀಗೆ ಎಸೆಯುವಾಗ ಒಂದು ಕೈಯ ಒಂಬತ್ತು ಅಡಿ ಕೋಲಿಗಿಂತ ಎರಡು ಕೈಯ ಹನ್ನೊಂದರಿಂದ ಹದಿನೈದು ಅಡಿಯ ಕೋಲು ಭುಜಕ್ಕೆ ಹಗುರವೆನಿಸುತ್ತದೆ.

ಈ ಕೋಲನ್ನು ಬೀಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಸ್ಪೇ ನದಿಯ ಹೆಸರಿದೆ. 19ನೆಯ ಶತಮಾನದಲ್ಲಿ, ದಂಡೆಯಲ್ಲಿ ಮರಗಳೂ ಕಡಿದಾದ ಏರುಗಳೂ ಇರುವ ಕಡೆ ದಾರವನ್ನು ಹಿಂದಕ್ಕೆ ಉದ್ದಕ್ಕೂ ಚಾಚಲು ಜಾಗವಿಲ್ಲದಿದ್ದುದರಿಂದ ಈ ವಿಧಾನ ಬೆಳೆಯಿತು. ಇಲ್ಲಿ ದಾರದ ತುದಿಯನ್ನು ಬೀಸುವವನ ಪಕ್ಕದ ನೀರಿನ ಮೇಲೆ ಇಳಿಸಿ, ಕೋಲನ್ನು ಹಿಂದಕ್ಕೆ ಒಯ್ದಾಗ, ಕೋಲಿನ ತುದಿಗೂ ನೀರಿಗೂ ನಡುವೆ ದಾರವು ಇಂಗ್ಲಿಷಿನ ‘ಡಿ’ ಅಕ್ಷರದಂತೆ ಹಿಂದಕ್ಕೆ ಉಬ್ಬಿ ನಿಲ್ಲುತ್ತದೆ. ಈ ಕುಣಿಕೆಯ ಜಡತ್ವವೂ ನೀರಿಗೆ ಅಂಟಿದ ತುದಿಯ ಹಿಡಿತವೂ ಸೇರಿ ಕೋಲನ್ನು ಬಿಲ್ಲಿನಂತೆ ಬಾಗಿಸುತ್ತವೆ. ಬಾಗಿದ ಕೋಲು ನೆಟ್ಟಗಾಗುವಾಗ ಅದರಲ್ಲಿ ಕೂಡಿದ ಶಕ್ತಿ ದಾರದ ಚಲನಶಕ್ತಿಯಾಗುತ್ತದೆ. ನೀರಿಗೆ ಅಂಟಿದ ಭಾಗವನ್ನು ಲಂಗರು ಎನ್ನುತ್ತಾರೆ. ಲಂಗರು ಅತಿಯಾದರೆ ಶಕ್ತಿಯೆಲ್ಲ ದಾರವನ್ನು ನೀರಿನಿಂದ ಕಿತ್ತೆಬ್ಬಿಸುವುದರಲ್ಲೇ ಕಳೆದುಹೋಗುತ್ತದೆ, ಕಡಿಮೆಯಾದರೆ ತುದಿ ಜಾರಿ ಹಿಂದಕ್ಕೆ ಹಾರುತ್ತದೆ. ದಾರದ ಒಂದು ಪಾಲು ಮಾತ್ರ ಹಿಂದಿರುವ ಕಾರಣ, ತಲೆಯ ಮೇಲಿಂದ ಬೀಸುವ ಕ್ರಮಕ್ಕಿಂತ ಇಲ್ಲಿ ಹೆಚ್ಚು ತೂಕದ ದಾರ ಬೇಕಾಗುತ್ತದೆ.

ಉದ್ದನೆಯ ಕೋಲು ಅಷ್ಟೇ ಕೋನ ತಿರುಗಿದಾಗಲೂ ಅದರ ತುದಿ ಹೆಚ್ಚು ದೂರ ಚಲಿಸಿ ದಾರಕ್ಕೆ ಹೆಚ್ಚು ವೇಗ ಕೊಡುತ್ತದೆ, ದೊಡ್ಡ ಕುಣಿಕೆ ಕಟ್ಟುತ್ತದೆ, ಜೊತೆಗೆ ಪ್ರವಾಹ ಎಳೆದೊಯ್ಯುವ ದಾರವನ್ನು ಎತ್ತಿ ಮೇಲ್ಗಡೆಗೆ ಹಾಕಿ ಫ್ಲೈಯ ಓಟವನ್ನು ನಿಧಾನಿಸಲು ನೆರವಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಮಾತ್ರ ದೊಡ್ಡದು: ಒಂದೇ ದಪ್ಪದ ಕೋಲಿನ ಉದ್ದವನ್ನು ಎರಡು ಪಟ್ಟು ಮಾಡಿದರೆ ಅದು ತಿರುಗಿಸುವಿಕೆಗೆ ಒಡ್ಡುವ ಪ್ರತಿರೋಧ ಎಂಟು ಪಟ್ಟಾಗುತ್ತದೆ. ಮೇಲಿನ ಕೈಯನ್ನು ಆನಿಕೆಯಾಗಿಸಿ ಕೆಳಗಿನ ಕೈಯಿಂದ ಬುಡವನ್ನು ಹೊಟ್ಟೆಯ ಕಡೆಗೆ ಸೆಳೆಯುವ ಕ್ರಮ ಬಂದಿದ್ದು ಇದರಿಂದಲೇ. ದಕ್ಷಿಣ ಅಮೆರಿಕದ ಗಯಾನಾದಿಂದ ಬರುತ್ತಿದ್ದ ಗ್ರೀನ್‌ಹಾರ್ಟ್ ಮರದ ಹದಿನೆಂಟು ಅಡಿ ಕೋಲುಗಳು ಒಂದು ಕಿಲೋಗ್ರಾಂ ಮೀರಿ ತೂಗುತ್ತಿದ್ದವು. 1970ರ ದಶಕದಿಂದ ಬಳಕೆಗೆ ಬಂದ ಕಾರ್ಬನ್ ಫೈಬರ್ ತೂಕದ ಅನುಪಾತದಲ್ಲಿ ಬಹಳ ಪೆಡಸಾಗಿರುವುದರಿಂದ, ಇಂದಿನ ಹದಿಮೂರು ಅಡಿ ಕೋಲು ಸುಮಾರು 200 ಗ್ರಾಂ ತೂಗುತ್ತದೆ.

ಕೋಲಿನ ಮೇಲೆ ಮುದ್ರಿಸಿರುವ ಅಂಕಿ ಹೊಸಬರನ್ನು ದಾರಿ ತಪ್ಪಿಸುತ್ತದೆ. ಒಂದು ಕೈಯ 8ನೆಯ ಅಂಕದ ಕೋಲಿಗೆ ದಾರದ ಮೊದಲ 30 ಅಡಿ 210 ಗ್ರೇನ್, ಅಂದರೆ ಸುಮಾರು 13.6 ಗ್ರಾಂ ತೂಗಬೇಕು; ಅದೇ 8ನೆಯ ಅಂಕದ ಎರಡು ಕೈಯ ಕೋಲು ಸಾಮಾನ್ಯವಾಗಿ 500ರಿಂದ 600 ಗ್ರೇನ್ ತೂಕವನ್ನು ಬೀಸುತ್ತದೆ. ಆದ್ದರಿಂದ ಅಂಕಿಯನ್ನು ಬದಿಗಿಟ್ಟು, ತಯಾರಕರು ಸೂಚಿಸುವ ಗ್ರೇನ್ ಮಿತಿಯನ್ನೂ ಅದು ಯಾವ ಬಗೆಯ ದಾರಕ್ಕೆ ಅನ್ವಯಿಸುತ್ತದೆ ಎಂಬುದನ್ನೂ ನೋಡಬೇಕು.

ದಾರದ ಬಗೆಯನ್ನು ನಿರ್ಧರಿಸುವುದು ನದಿ ಮತ್ತು ಋತು. ಚಳಿಗಾಲದಲ್ಲಿ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್‌ನಂಥ ನದಿಗಳಲ್ಲಿ ನೀರು ಕೊರೆಯುವಷ್ಟು ತಣ್ಣಗಿದ್ದು, ಸ್ಟೀಲ್‌ಹೆಡ್ ತಳದ ಹತ್ತಿರ ನಿಂತು ಹೆಚ್ಚು ದೂರ ಸರಿಯುವುದಿಲ್ಲವಾದ್ದರಿಂದ, ದೊಡ್ಡ ಫ್ಲೈಯನ್ನು ಮುಳುಗುವ ತುದಿದಾರದೊಂದಿಗೆ ಆಳಕ್ಕೆ ಇಳಿಸಬೇಕು. ‘ಟಿ-14’ ಎಂಬ ತುದಿದಾರ ಅಡಿಗೆ 14 ಗ್ರೇನ್ ತೂಗುತ್ತದೆ. ಹತ್ತು ಅಡಿಗೇ 9 ಗ್ರಾಂ ಆಯಿತು. ಈ ಒದ್ದೆ ಹೊರೆಯನ್ನು ಎತ್ತಿ ಹಾರಿಸಲು ಅದರ ಹಿಂದಿನ ದಾರಕ್ಕೆ ಸಾಕಷ್ಟು ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ, ಇರಬೇಕಾದುದರಿಂದ, ತೂಕವನ್ನೆಲ್ಲ ಇಪ್ಪತ್ತು-ಇಪ್ಪತ್ತೈದು ಅಡಿಯ ಗಿಡ್ಡ, ದಪ್ಪ ಮುಂಭಾಗದಲ್ಲಿ ತುಂಬಿಸಿದ ದಾರವನ್ನು ಅಲ್ಲಿನ ಮೀನುಗಾರರು ರೂಪಿಸಿದರು. ನದಿಯ ಹೆಸರೇ ಅದಕ್ಕೂ ಅಂಟಿತು. ಲಂಗರನ್ನು ನೀರಿನಲ್ಲೇ ಉಳಿಸಿಕೊಂಡು, ನಿಧಾನವಾಗಿ, ಎಲ್ಲೂ ತಡೆಯದೆ ಸುತ್ತಿ ಬೀಸುವ ಈ ಕ್ರಮಕ್ಕೆ ನಡುವಿನವರೆಗೂ ಆಳವಾಗಿ ಬಾಗುವ, ಹನ್ನೊಂದರಿಂದ ಹದಿಮೂರು ಅಡಿಯ ಕೋಲು ಒಪ್ಪುತ್ತದೆ.

ಬೇಸಿಗೆಯಲ್ಲಿ ಒರೆಗಾನ್ ರಾಜ್ಯದ ನಾರ್ತ್ ಅಂಪ್ಕ್ವಾದಂಥ ತಿಳಿನೀರಿನ ನದಿಯಲ್ಲಿ ಮೀನು ಮೇಲೆದ್ದು ಬರುವುದರಿಂದ, ಸಣ್ಣ ಫ್ಲೈಯನ್ನು ಸದ್ದಿಲ್ಲದೆ ಇಳಿಸುವ ಸ್ಕ್ಯಾಂಡಿನೇವಿಯಾ ಮಾದರಿಯ, ತುದಿಯತ್ತ ಸಪೂರವಾಗುವ ತೇಲುದಾರ ಮೇಲು. ಇದರ ಭಾರದ ಭಾಗ ಕೋಲಿನ ಎರಡೂವರೆಯಿಂದ ಮೂರು ಪಟ್ಟು ಉದ್ದವಿರುತ್ತದೆ. ಬೀಸು ಚುರುಕು, ಕೆಲಸವೆಲ್ಲ ಕೆಳಗಿನ ಕೈಯದು, ಹಾಗಾಗಿ ಬುಡ ಗಟ್ಟಿಯಾದ, ತುದಿ ಬೇಗ ನೆಟ್ಟಗಾಗುವ ಕೋಲು ಬೇಕು. ಸ್ಪೇ, ಟೇಗಳಂಥ ಅಗಲವಾದ ನದಿಗಳಲ್ಲಿ ಭಾರದ ಭಾಗ ಅರವತ್ತು ಅಡಿಯ ಆಸುಪಾಸಿನಲ್ಲಿರುವ ದಾರಗಳನ್ನು, ಪ್ರತಿ ಎಸೆತಕ್ಕೂ ದಾರವನ್ನು ಒಳಗೆಳೆದುಕೊಳ್ಳುವ ಗೋಜಿಲ್ಲದೆ ಬೀಸುವವರಿಗೆ ಹದಿನೈದು ಅಡಿಯ ಕೋಲು ಇಂದಿಗೂ ಸೂಕ್ತವಾದರೂ, ಅದನ್ನು ಮೊದಲ ಕೋಲಾಗಿ ಕೊಳ್ಳುವುದು ಜಾಣತನವೆನಿಸದು. ಒಂದೇ ಕೋಲು ಕೊಳ್ಳುವ ಸ್ಟೀಲ್‌ಹೆಡ್ ಮೀನುಗಾರನಿಗೆ ಹದಿಮೂರು ಅಡಿಯ, 7ನೆಯ ಅಂಕದ, ಮಧ್ಯಮ ಬಾಗುವಿಕೆಯ ಕೋಲು ಸ್ಕ್ಯಾಜಿಟ್, ಸ್ಕ್ಯಾಂಡಿನೇವಿಯಾ ಎರಡೂ ಬಗೆಯ ದಾರಕ್ಕೆ ಹೊಂದಿಕೊಳ್ಳುತ್ತದೆ.

ಮೀನು ಸಿಕ್ಕಿದ ಮೇಲೆ ಸನ್ನೆಯ ನಿಯಮ ಮನುಷ್ಯನ ವಿರುದ್ಧವೇ ಕೆಲಸ ಮಾಡುತ್ತದೆ. ಮೀನು ಎಳೆಯುವುದು ಕೋಲಿನ ದೂರದ ತುದಿಯನ್ನು. ಹಿಡಿದವನ ಎರಡು ಕೈಗಳ ನಡುವಿನ ಅಂತರ ಒಂದೆರಡು ಅಡಿ ಮಾತ್ರ. ಕೋಲು ಉದ್ದವಾದಷ್ಟೂ ಮೀನಿಗೆ ಅನುಕೂಲ. ಕೋಲನ್ನು ತಗ್ಗಿಸಿ, ಒಂದು ಪಕ್ಕಕ್ಕೆ ಬಾಗಿಸಿದಾಗ ಹೊರೆ ಗಟ್ಟಿಯಾದ ಬುಡಕ್ಕೆ ಇಳಿದು ಮೀನಿನ ಕಡೆಯ ಸನ್ನೆಯ ತೋಳು ಗಿಡ್ಡವಾಗುತ್ತದೆ. ನಾರ್ವೆಯ ಆಲ್ಟಾದಂಥ ನದಿಗಳಲ್ಲಿ ಹತ್ತು ಕಿಲೋಗ್ರಾಂ ಮೀರಿದ ಸಾಮನ್‌ಗಳಿಗಾಗಿ 9 ಅಥವಾ 10ನೆಯ ಅಂಕದ ಕೋಲು ಹಿಡಿಯುವುದಕ್ಕೆ ಈ ಬುಡದ ಬಲವೇ ಕಾರಣ. ಹಿಡಿದ ಮೀನನ್ನು ಮತ್ತೆ ಬಿಡುವುದೇ ರೂಢಿಯಾಗಿರುವ ನದಿಗಳಲ್ಲಂತೂ ತೀರ ಹಗುರವಾದ ಕೋಲಿನಿಂದ ಸೆಣಸಾಟ ಲಂಬಿಸಿದರೆ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡಿಕೊಳ್ಳುತ್ತದೆ, ಆಮ್ಲಜನಕ ಕಡಿಮೆಯಿರುವ ಬೆಚ್ಚನೆಯ ನೀರಿನಲ್ಲಿ ಅದು ಚೇತರಿಸಿಕೊಳ್ಳದೆ ಸಾಯುವ ಸಂಭವವೂ ಹೆಚ್ಚು.